ಪೂಜೆಯಾದ ಪಾಯಖಾನೆ

"ಏಯ್ ಕೆಂಚಿ, ಎದ್ದು ಎಲ್ಲಿಗೆ ಹೊಂಟೆ? ಕತ್ತಿ ಮುಂದೆ ಕೂತ ಮೇಲೆ ಹೊತ್ತು ಮುಳುಗೋ ತಂಕ ಕುಂಡಿ ಎತ್ತಂಗಿಲ್ಲ ಅಂತ ಗೊತ್ತಿಲ್ಲೇನೆ?"

ನಲ್ಲೂರು ರಸ್ತೆಯ ಅಡಿಕೆ ಸುಲಿಯುವ ಶೆಡ್ಡಿನ ಯಜಮಾನ ಜಯದೇವಪ್ಪ ಮಾತಾಡುವುದೇ ಹೀಗೆ.

"ಒಂದಕ್ಕೆ ಹೋಗ್ಬೇಕ್ರೀ ಸಾವ್ಕಾರ್ರೆ," ಎಂದೆ.

"ನನ್ನ ಯಾಕೆ ಕೇಳ್ತೀಯ? ನಿನ್ ಮಗಳೇ ಹೆಚ್ಚಾರ್ ಆಗ್ಯಾಳಲ್ಲ, ಆಕೆಗೆ ಅರ್ಜಿ ಬರ್ಕೊಡು!"

ಹೆಂಗಸರೆಲ್ಲ ನಕ್ಕರು. ನಗದಿದ್ದರೆ ಸಾವ್ಕಾರರಿಗೆ ಬೇಜಾರು.

ಮಗಳು ಕಲ್ಪನಾ ಎಂಬಿಎ ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿ ನಾಲ್ಕು ದಿನ. ಅಡಿಕೆ ಕೊಳ್ಳುವ ಬೆಂಗಳೂರಿನ ಕಂಪನಿಯವರು, ಕೂಲಿಯವರ ಕಷ್ಟಸುಖ ನೋಡಲು ಎಚ್.ಆರ್. ಅಂತ ಒಬ್ಬರಿರಬೇಕು, ಪಾಯಖಾನೆಯೂ ಇರಬೇಕು ಎಂದು ಬರೆದಿದ್ದರಂತೆ. ಎರಡೂ ಒಟ್ಟಿಗೇ ಬಂದವು. ಮಗಳಿಗೆ ಪ್ಲಾಸ್ಟಿಕ್ ಕುರ್ಚಿ, ಪಾಯಖಾನೆಗೆ ಬಿಳಿ ಟೈಲ್ಸು. ಅಯ್ನೋರನ್ನು ಕರೆಸಿ, ಬಾಗಿಲಿಗೆ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿ, ಸಾವ್ಕಾರರು ಪಾಯಖಾನೆಗೆ ಬೀಗ ಜಡಿದರು.

"ಪೂಜೆ ಆಗೈತೆ. ಮುಟ್ಟಾದೋರು ಕಾಲಿಡಂಗಿಲ್ಲ. ಯಾರು ಮುಟ್ಟಾಗೀರಿ ಅಂತ ನಾ ಹೆಂಗೆ ನೋಡ್ಲಿ? ಅದ್ಕೇ ಯಾರೂ ಹೋಗ್ಬ್ಯಾಡ್ರಿ."

ನಾವು ಹೋಗುತ್ತಿದ್ದ ಹಿಂದಿನ ಹೊಲಕ್ಕೂ ತಂತಿಬೇಲಿ ಬಿತ್ತು. ಕಂಪನಿಯಿಂದ ನೋಡಲು ಬರುವ ಸಾಹೇಬರಿಗೆ ನಾವು ಅಲ್ಲಿ ಕಾಣಬಾರದಲ್ಲ.

ಸಾಹೇಬರು ಇವತ್ತೇ ಬರುವವರಿದ್ದರು. 'ದಿನವೂ ಬಳಸುತ್ತೇವೆ, ತೃಪ್ತಿ ಇದೆ' ಎಂಬ ಕಾಗದ ಹಿಡಿದು ಕಲ್ಪನಾ ಹೆಬ್ಬೆಟ್ಟು ಕೇಳುತ್ತಾ ಬಂದಳು.

"ಮೇಡಮ್ಮೋರೆ," ಅಂದಳು ಪಕ್ಕದ ಕತ್ತಿಯ ದಿಲ್‌ಶಾದ್ ಬೇಗಂ, "ಬೀಗ ನೋಡಿದ್ರೇನೇ ತೃಪ್ತಿ ಆಗ್ತೈತೆ ಅಂತ ಕಾಲೇಜ್ನಾಗೆ ಕಲಿಸಿದ್ರಾ?"

ಕಲ್ಪನಾ ತಲೆ ಎತ್ತಲಿಲ್ಲ. "ಒತ್ರಿ ದಿಲ್‌ಶಾದಕ್ಕ. ಇಲ್ಲಾಂದ್ರೆ ನಾಳೆಯಿಂದ ನಾನೂ ಕತ್ತಿ ಮುಂದೇನೇ."

ಒತ್ತಿದೆವು. ಮಗಳ ನೌಕರಿ ಗಟ್ಟಿಯಾಗಲೆಂದು ನಾನು ಎರಡು ಸಲ ಒತ್ತಿದೆ.

ಮಧ್ಯಾಹ್ನ ಸಾಹೇಬರು ಬಂದರು. ಪಾಯಖಾನೆಯ ಎದುರಿಗೇ ಕಾರು ನಿಲ್ಲಿಸಿ, ಬೀಗ ಬಿದ್ದ ಬಾಗಿಲನ್ನೇ ನೋಡಿ, "ತುಂಬಾ ಕ್ಲೀನಾಗಿದೆ," ಎಂದರು. ನಮ್ಮನ್ನು ಅದರ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ಹಿಡಿದರು.

"ಸ್ವಲ್ಪ ನಗಿ ಅಮ್ಮಾ."

ನಗಲು ಹೋದೆ. ಸೀರೆ ಒದ್ದೆಯಾಯಿತು.

"ಥೂ, ಹೊಲಸು ಮುಂಡೆ!" ಜಯದೇವಪ್ಪ ಕಿರುಚಿದ. "ನೋಡಿ ಸಾರ್, ಟೈಲ್ಸ್ ಹಾಕ್ಸಿ ಕೊಟ್ರೂ ಇವಕ್ಕೆ ಬುದ್ಧಿ ಬರಲ್ಲ."

ಕಲ್ಪನಾ ನನ್ನ ಕಾಲ ಬಳಿಯ ಮಣ್ಣು ನೋಡಿದಳು. "ಸಾವ್ಕಾರ್ರೆ, ಬೀಗದ ಕೈ ಕೊಡ್ರಿ."

"ಮನ್ಯಾಗೈತೆ. ನೀನು ಸಾಹೇಬ್ರಿಗೆ ಕಾಗದ ಕೊಡು."

ಅವಳು ಕೊಡಲಿಲ್ಲ. ದುಪಟ್ಟಾ ತೆಗೆದು ಒಂದು ತುದಿಯನ್ನು ಕಾರಿನ ಕನ್ನಡಿಗೆ ಕಟ್ಟಿದಳು, ಇನ್ನೊಂದನ್ನು ಪಾಯಖಾನೆಯ ಚಿಲಕಕ್ಕೆ. ಅದರ ಹಿಂದೆ ಒಬ್ಬರು ಕೂರುವಷ್ಟು ಮರೆಯಾಯಿತು. ತನ್ನ ಕುರ್ಚಿಯನ್ನು ಕಾರಿನ ಮುಂದಕ್ಕೇ ಎಳೆದು ತಂದು, ಹೆಬ್ಬೆಟ್ಟಿನ ಕಾಗದವನ್ನು ಅದರ ಮೇಲಿಟ್ಟು, ಕಾಗದದ ಮೇಲೇ ಕುಳಿತಳು.

"ಏನಮ್ಮಾ ಇದು? ನಾನು ಹೋಗಬೇಕು!" ಎಂದರು ಸಾಹೇಬರು.

"ಇವ್ರೂ ಬೆಳಿಗ್ಗೆಯಿಂದ ಅದನ್ನೇ ಅಂತಿದಾರೆ ಸಾರ್."

ನಾನು ದುಪಟ್ಟಾದ ಮರೆಗೆ ಹೋಗಿ ಉಳಿದದ್ದನ್ನು ಮುಗಿಸಿ ಬಂದೆ. ಕಲ್ಪನಾ ಸಾಲಿನತ್ತ ತಿರುಗಿದಳು.

"ಮುಂದಿನವ್ರು ಬರ್ರಿ."