ಮುಹೂರ್ತವಿಲ್ಲದ ಮದುವೆ

ನನ್ನ ಅಪ್ಪ, ಪಾಸ್ಟರ್ ದೊಡ್ಡಮುನಿಯಪ್ಪನವರ ಕೂದಲು ಹೆಗಲು ಮುಟ್ಟಿತ್ತು. ಒಬ್ಬಳೇ ಮಗಳು ಎನ್ನದಿದ್ದರೂ, ಮಗಳಾದ ನನ್ನ ಮದುವೆ ಎದುರಿಗಿದ್ದರೂ ಅದಕ್ಕೆ ಕತ್ತರಿ ಹಾಕಿಸಲು ಒಪ್ಪಲೊಲ್ಲರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಸಲು ಕಡೆಯ ನಮ್ಮ ಊರಿನಲ್ಲಿ ಇರುವುದು ಒಂದೇ ಕಟಿಂಗ್ ಶಾಪ್, ರಾಮಾಂಜಿನಪ್ಪನದು. ಅಲ್ಲಿ ನಮ್ಮ ಕಾಲೋನಿಯ ದಲಿತರ ತಲೆ ಮುಟ್ಟುವುದಿಲ್ಲ. ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ ಬಿಡಿ, ಈಗ ಎಲ್ಲರೂ ಬುದ್ಧಿವಂತರು. ನಮ್ಮವರು ಹೋದರೆ ಕರೆಂಟ್ ಹೋಗಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿದ್ದರೂ. ಇಲ್ಲವೇ ಊಟದ ಹೊತ್ತಾಗಿ ಶೆಟರ್ ಇಳಿಯುತ್ತದೆ. ನಮ್ಮ ಹುಡುಗರು ಬೈಕ್ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುವುದು ರೂಢಿಯಾಗಿಹೋಗಿತ್ತು.

ಅಪ್ಪನೂ ಹೋಗುತ್ತಿದ್ದರು. ಒಂದು ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಪ್ರಸಂಗ ಮಾಡುತ್ತಾ ನಡುವೆ ನಿಲ್ಲಿಸಿಬಿಟ್ಟರು. "ದೇವ್ರ ಮುಂದೆ ಎಲ್ರೂ ಒಂದೇ ಅಂತ ಇಲ್ಲಿ ನಿಂತ್ಕಂಡು ಹೇಳ್ತೀನಿ. ನಾಳೆ ಬಸ್ ಹತ್ತಿ ಕಟಿಂಗ್‌ಗೆ ಹೋಗ್ತೀನಿ. ಇನ್ಮೇಲೆ ನಮ್ಮೂರಲ್ಲೇ ಮಾಡಿದ್ರೆ ಮಾಡ್ಲಿ, ಇಲ್ದಿದ್ರೆ ಕೂದ್ಲು ಬೆಳ್ಕಳ್ಳಿ" ಎಂದರು.

ಅಂದಿನಿಂದ ಪ್ರಾರ್ಥನೆ ಮುಗಿಸಿ ಅಂಗಡಿ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಹೋಗಿ ಕೂರುವರು. ಮೊದಮೊದಲು ಒಬ್ಬರೇ, ಆಮೇಲೆ ಹುಡುಗರೂ ಬಂದು ಸೇರಿದರು. ಪಂಚಾಯಿತಿಯಲ್ಲಿ ಮಾತೆತ್ತಿದರು, ತಾಲ್ಲೂಕು ಕಚೇರಿಗೆ ಅಲೆದರು. ಅಧಿಕಾರಿಗಳು ಬಂದ ದಿನ ಅಂಗಡಿಗೆ ಬೀಗ ಬಿದ್ದಿತ್ತು.

ಮದುವೆಗೆ ಮುಂಚೆ ರಾಮಾಂಜಿನಪ್ಪ ನಮ್ಮ ಹಿತ್ತಲಿಗೆ ಬಂದ. ಕೆಟ್ಟವನಲ್ಲ, ಪುಕ್ಕಲ. ಅಂಗಡಿಯ ಕಟ್ಟಡ ಊರ ಗೌಡರಾದ ವೆಂಕಟರಾಯಪ್ಪನವರದು, ಊರಿನ ಅರ್ಧ ಜಮೀನೂ ಅವರದೇ. ಇಲ್ಲೇ ಕಟಿಂಗ್ ಮಾಡಿಕೊಡುತ್ತೇನೆ, ಯಾರಿಗೂ ಹೇಳಬೇಡಿ ಎಂದ. ನಾನು ಖುಷಿಯಾಗಿ ಕುರ್ಚಿ ತಂದಿಟ್ಟೆ, ಕಾಫಿ ಕೊಟ್ಟೆ. ಈಗ ತಾನೇ ಕುಡಿದು ಬಂದೆ ಎಂದ. ಕದ್ದು ಅಪ್ಪನ ತಲೆ ಮುಟ್ಟುತ್ತಾನಂತೆ, ನನ್ನ ಕೈಯ ಲೋಟ ಮುಟ್ಟಲಾರ. ಅಲ್ಲಿಯವರೆಗೆ ಅಪ್ಪನ ಮೇಲಿದ್ದ ಸಿಟ್ಟು ಅವತ್ತು ಬೇರೆ ಕಡೆ ತಿರುಗಿತು. ಕುರ್ಚಿ ಎತ್ತಿ ಒಳಗಿಟ್ಟೆ.

ಮದುವೆಯ ಬೆಳಿಗ್ಗೆ ಬಿಳಿ ರೇಷ್ಮೆ ಸೀರೆ ಉಟ್ಟು ಅಪ್ಪನ ಜೊತೆ ಕಾರಿನಲ್ಲಿ ಪ್ರಾರ್ಥನಾ ಮಂದಿರಕ್ಕೆ ಹೊರಟೆ. ಕಟಿಂಗ್ ಶಾಪ್ ಮುಂದೆ ನಿಲ್ಲಿಸಲು ಹೇಳಿದೆ. ಅಪ್ಪನ ಕೈಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ನಾನು ಹೊಸ್ತಿಲ ಮೇಲೆ, ಶೆಟರ್ ಬಂದು ಬೀಳುವ ಜಾಗದಲ್ಲೇ ಕೂತೆ. ಹಿಂದೆ ಬಂದ ಗಂಡಿನ ಕಾರು, ದಿಬ್ಬಣವೆಲ್ಲ ರಸ್ತೆಯಲ್ಲಿ ನಿಂತಿತು.

ಸುದ್ದಿ ಮುಟ್ಟಿ ವೆಂಕಟರಾಯಪ್ಪನವರು ಪಂಚೆ ಎತ್ತಿಕಟ್ಟಿಕೊಂಡು ಬಂದರು. ಮದುವೆ ಹೆಣ್ಣು ಹೀಗೆ ಬೀದಿಯಲ್ಲಿ ಕೂರಬಾರದು, ಮುಹೂರ್ತ ಮೀರಿದರೆ ಊರಿಗೇ ಒಳ್ಳೆಯದಲ್ಲ ಎಂದು ನಯವಾಗಿ ಶುರು ಮಾಡಿದರು.

"ನಮ್ಗೆ ಮುಹೂರ್ತ ಇಲ್ಲ ಗೌಡ್ರೇ" ಎಂದೆ. "ಮದ್ವೆ ಮಾಡ್ಸೋ ಪಾಸ್ಟರ್ ಆ ಕುರ್ಚಿ ಮೇಲವ್ರೆ. ಅವ್ರ ಕಟಿಂಗ್ ಆಗೋಗಂಟ ಕಾಯ್ತೀವಿ."

ನಯವೆಲ್ಲ ಹೋಯಿತು. ಶೆಟರ್ ಎಳಿ, ಇಲ್ಲದಿದ್ದರೆ ನಾಳೆಯೇ ಅಂಗಡಿ ಖಾಲಿ ಮಾಡು ಎಂದು ರಾಮಾಂಜಿನಪ್ಪನ ಮೇಲೆ ಹರಿಹಾಯ್ದರು. ಅವನು ಶೆಟರ್ ಎಳೆಯುವ ಕೊಕ್ಕೆಕೋಲು ಹಿಡಿದು ಬಂದ. ನಾನು ಏಳಲಿಲ್ಲ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬೈರೇಶ್, ನನ್ನ ಮದುವೆಯ ಗಂಡು, ಕೋಟು ಕಳಚಿ ಕಾರಿನ ಮೇಲಿಟ್ಟು ನನ್ನ ಪಕ್ಕ ಬಂದು ಕೂತ. ನನಗೆ ಜೀವ ಬಂದಂತಾಯಿತು.

ಕೋಲು ಎತ್ತಿದ ರಾಮಾಂಜಿನಪ್ಪ ಹಾಗೇ ನಿಂತ. ಮುಖವೆಲ್ಲ ಬೆವೆತಿತ್ತು. "ಮದ್ವೆ ಹೆಣ್ಣಿನ ನೆತ್ತಿ ಮೇಲೆ ಶೆಟರ್ ಎಳ್ಯಕ್ಕೆ ನನ್ನ ಕೈಲಾಗಲ್ಲ ಗೌಡ್ರೇ" ಎಂದು ಕೋಲನ್ನು ಅವರತ್ತ ಚಾಚಿದ. "ತಗಳ್ಳಿ, ನೀವೇ ಎಳೀರಿ."

ವೆಂಕಟರಾಯಪ್ಪನವರು ಕೋಲು ನೋಡಿದರು, ನನ್ನನ್ನು ನೋಡಿದರು. ರಸ್ತೆ ತುಂಬ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಏನೋ ಗೊಣಗಿಕೊಂಡು ಮನೆ ಕಡೆ ನಡೆದರು.

ರಾಮಾಂಜಿನಪ್ಪ ಕತ್ತರಿ ಹಿಡಿದ. ಕೂದಲು ಉದುರುವಾಗ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆಯೋ ಅಳುವೋ ತಿಳಿಯಲಿಲ್ಲ. ನಾನಂತೂ ಅತ್ತೆ, ಮೇಕಪ್ ಹಾಳಾದರೆ ಆಗಲಿ ಎಂದು. ಕಟಿಂಗ್ ಮುಗಿದ ಮೇಲೆ ಅಪ್ಪ ಎದ್ದು ಬಂದು, ಹೊತ್ತಾಯಿತು, ಅಡುಗೆ ಆರಿಹೋಗುತ್ತದೆ, ನಡಿ ಮಗಳೇ ಎಂದರು.

ನಾನು ಹೊಸ್ತಿಲು ಬಿಡಲಿಲ್ಲ. ಮದುವೆಯ ದಾಕ್ಷಿಣ್ಯಕ್ಕೆ ಒಬ್ಬರ ಕಟಿಂಗ್ ಆಯಿತು. ಈಗ ಎದ್ದುಹೋದರೆ ನಾಳೆ ಕಾಲೋನಿ ಹುಡುಗರು ಮತ್ತೆ ದೊಡ್ಡಬಳ್ಳಾಪುರದ ದಾರಿ ಹಿಡಿಯಬೇಕು. ದಿಬ್ಬಣದ ಕಡೆ ತಿರುಗಿದೆ.

"ಮುಂದಿನೋರು ಯಾರು? ಬಂದು ಕೂತ್ಕಳಿ" ಎಂದೆ.