ಎಂಟು ಎಕರೆ, ಒಂದು ನೌಕರಿ

ಸಾವಿರದ ಒಂಬೈನೂರ ಎಂಬತ್ತಾರರ ಮಾತು. ನನ್ನ ಮಗ ಬಂಡೆಪ್ಪ ಸತ್ತು ತಿಂಗಳೂ ಆಗಿರಲಿಲ್ಲ. ಹುಮನಾಬಾದ್ ಕಡೆಯ ಊರಿನಿಂದ ಭಾವ, ನನ್ನ ಗಂಡನ ಅಣ್ಣ ಗುರುಸಿದ್ದಪ್ಪ, ಹೈದರಾಬಾದಿನ ನಮ್ಮ ಕ್ವಾರ್ಟರ್ಸಿಗೆ ಬಂದ. ಅತ್ತಂತೆ ಮಾಡಿದ, ಉಂಡ, ಆಮೇಲೆ ಚಾಪೆಯ ಮೇಲೆ ಕುಳಿತು ಮಾತು ತೆಗೆದ.

ಬಂಡೆಪ್ಪ ದುಡಿಯುತ್ತಿದ್ದ ಸರ್ಕಾರಿ ಕಾರ್ಖಾನೆಯವರು ಅವನ ನೌಕರಿಯನ್ನು ಮನೆಯ ಒಬ್ಬರಿಗೆ ಕೊಡುತ್ತೇವೆಂದು ಅರ್ಜಿಯ ಫಾರಂ ಕಳಿಸಿದ್ದರು. ಸೊಸೆ ಗುಣವತಿ ಹತ್ತನೆಯ ತರಗತಿ ಪಾಸಾದವಳು, ತೆಲುಗು ಹಿಂದಿ ಎರಡರಲ್ಲೂ ಜಗಳವಾಡಿ ಗೆಲ್ಲುವವಳು. ನೌಕರಿ ಅವಳಿಗೇ ಎಂದು ನಾನು ತಿಳಿದಿದ್ದೆ.

"ನೌಕರಿ ಸೋಮಣ್ಣಗ ಬರಲಿ" ಎಂದ ಭಾವ. "ನನಗ ಬ್ಯಾಡಂತ ಗುಣವತಿ ಬರದು ಕೊಡ್ಲಿ. ಅಕಿನ್ನ ಸೋಮಣ್ಣಗ ಉಡಿಕಿ ಮಾಡೂಣು. ಬಂದದ್ದು ಮನ್ಯಾಗ ಉಳೀತೈತಿ."

ಸೋಮಣ್ಣ ನನ್ನ ಕಿರಿಮಗ. ಹತ್ತೊಂಬತ್ತು ವರ್ಷ. ನೆಲ ನೋಡುತ್ತ ಕುಳಿತಿದ್ದ.

"ಹೊಸಾದೇನಲ್ಲ. ಶರಣಬಸಮ್ಮನ್ನ ನೋಡ್ರಿ, ಉಡಿಕಿ ಆಗಿ ಬಂಗಾರದಂಥಾ ಸಂಸಾರ ಮಾಡ್ಲಿಲ್ಲೇನು?"

ಭಾವ ನನ್ನ ಹೆಸರು ತೆಗೆದದ್ದೇ ಮೈಯೆಲ್ಲ ಉರಿಯಿತು. ಬಂಗಾರವಂತೆ! ನನ್ನ ಮೊದಲ ಗಂಡ, ಇವನ ತಮ್ಮ ಚನ್ನಬಸಪ್ಪ, ಹಾವು ಕಚ್ಚಿ ಸತ್ತಾಗ ನನಗೆ ಇಪ್ಪತ್ತು. ತವರಿಗೆ ಹೋದರೆ ಎಂಟು ಎಕರೆಯಲ್ಲಿ ಪಾಲು ಕೇಳಿಯೇನೆಂಬ ಹೆದರಿಕೆ ಇವನಿಗೆ, ಕಳೆ ತೆಗೆಯುವ ಕೈ ಕಡಿಮೆಯಾಗುತ್ತದೆಂಬ ಸಂಕಟ ಬೇರೆ. ಬಾಜಾ ಇಲ್ಲ, ಅಕ್ಷತೆ ಇಲ್ಲ. ಒಂದು ಸೀರೆ ಉಡಿಸಿ ಕೊನೆಯ ತಮ್ಮ ಶಾಂತಪ್ಪನಿಗೆ ಕೊಟ್ಟರು. ಅದೇ ಉಡಿಕೆ, ಗಂಡ ಸತ್ತವಳ ಮರುಮದುವೆ. ಆ ಹೊಲದಲ್ಲಿ ಬೆನ್ನು ಮುರಿಯುವಂತೆ ದುಡಿದೆ. ಊರಲ್ಲಿ ಯಾರ ಮದುವೆಯಾದರೂ ಉಡಿಕೆಯವಳೆಂದು ಅರಿಶಿನ ಹಚ್ಚಲು ಕರೆಯಲಿಲ್ಲ. ಹೊಲಕ್ಕೆ ಬೇಕಾದವಳು ಹಂದರಕ್ಕೆ ಬೇಡವಾಗಿದ್ದೆ.

"ಭಾವಾರ, ಅವತ್ತ ನಿಮಗ ಹೊಲ ಉಳೀಬೇಕಾಗಿತ್ತು, ಹೊಲದ ಕೂಡ ನನ್ನೂ ಉಳಿಸಿಕೊಂಡ್ರಿ. ಇಲ್ಲಿ ಯಾವ ಹೊಲ ಐತ್ರಿ? ಅಕಿ ಗಂಡನ ನೌಕರಿ, ಅಕೀನ ಮಾಡ್ತಾಳ."

"ಹೆಣ್ಮಗಳು ಹೋಗಿ ಮಷೀನ್ ಮುಂದ ನಿಂದರತಾಳೇನು?"

"ನಿಮ್ಮ ಹೊಲದಾಗ ನಿಂತಾಗ ನಾ ಗಂಡಸಾಗಿದ್ನೇನ್ರಿ?"

ಭಾವ ನನ್ನತ್ತ ನೋಡಲೇ ಇಲ್ಲ. ಗೋಡೆಗೊರಗಿ ಕುಳಿತಿದ್ದ ನನ್ನ ಗಂಡನಿಗೆ, "ಶಾಂತಪ್ಪಾ, ಹೇಣ್ತಿಗೆ ಬುದ್ಧಿ ಹೇಳು" ಎಂದ.

ಇವರು ಅಣ್ಣನಿಗೆ ಎಂದೂ ಎದುರಾಡಿದವರಲ್ಲ. ಉಡಿಕೆಯ ದಿನವೂ ಬಾಯಿ ಬಿಡಲಿಲ್ಲವೆಂದು ಇವರ ಮೇಲೆ ನನಗೆ ಮೂವತ್ತು ವರ್ಷದ ಸಿಟ್ಟು. ಇವತ್ತೂ ಹೂಂ ಅಂದೇಬಿಡುತ್ತಾರೆ ಎಂದುಕೊಂಡೆ.

ಇವರು ಸೋಮಣ್ಣನನ್ನೇ ನೋಡಿದರು. ಆಮೇಲೆ ಅಣ್ಣನ ಮುಂದಿದ್ದ ಅರ್ಜಿಯನ್ನು ಎಳೆದುಕೊಂಡು ಗುಣವತಿಯ ಕೈಗೆ ಕೊಟ್ಟರು.

"ನಿನ್ನ ಹೆಸರೇ ಬರದು ಸಹಿ ಮಾಡವಾ."

ಅವಳು ಬರೆದಳು, ಸಹಿ ಮಾಡಿದಳು. ಭಾವ ದುರುಗುಟ್ಟಿ ತಮ್ಮನನ್ನು ನೋಡಿದ.

"ನನಗ ಅವತ್ತ ಹದಿನೇಳು ವರ್ಷ, ಅಣ್ಣಾ" ಎಂದರು ಇವರು. "ಅಣ್ಣನ ಹೇಣ್ತಿ ಅಂತ ಇಕಿಗಿ ವೈನಿ ಅಂತಿದ್ದೆ. ನಿನಗ ಒಪ್ಪಿಗೆ ಐತೇನಂತ ನನ್ನ ಯಾರೂ ಕೇಳಲಿಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಸಿಟ್ಟು ಇನ್ನೂ ಕುದಿಯುತ್ತಿತ್ತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ನಾನೂ ಇವರನ್ನು ಆ ಮಾತು ಕೇಳಿರಲಿಲ್ಲ.