ಉದಗಾನ್ ಯಾರ ಮಾತು?

"ಬರ್ಕೊಳಮ್ಮಾ, ಅದು ನಮ್ಮ ಸಖಾ ಜನರ ಮಾತು. ಉಒತ್ ಅಂದ್ರೆ ಬೆಂಕಿ. ಬೆಂಕಿ ಜೊತೆ ಮಾತಾಡೋಳು ಉದಗಾನ್. ಇದ್ರಲ್ಲಿ ಬೇರೆಯವರಿಗೆ ಪಾಲಿಲ್ಲ!" ಫ್ಯೋಕ್ಲಾ ಮೇಜು ಕುಟ್ಟಿದಳು.

ಯಾಕುಟ್ಸ್ಕ್ ಪಟ್ಟಣದಿಂದ ಈ ಹಳ್ಳಿಗೆ ಪದ ಕಲೆಹಾಕಲು ಬಂದಿದ್ದ ಕ್ಯುನ್ನೆ ರೆಕಾರ್ಡರನ್ನು ಹತ್ತಿರಕ್ಕೆ ಸರಿಸಿದಳು. ಒಲೆಯ ಮುಂದೆ ಗೋಧಿದೋಸೆ ಹುಯ್ಯುತ್ತಿದ್ದ ಅಕ್ಸೀನ್ಯಾ, ಫ್ಯೋಕ್ಲಾಳ ತಮ್ಮನ ಹೆಂಡತಿ, ಎವೆಂಕಿ ಜನಾಂಗದವಳು. ತಿರುಗದೆಯೇ ಅಂದಳು: "ನಮ್ಮಲ್ಲೂ ಒದಕೋನ್ ಅಂತಾರಲ್ಲ, ಅಕ್ಕಾ."

"ಬುರ್ಯಾತ್ ಜನರೂ ಹಾಗೇ ಅಂತಾರೆ" ಎಂದಳು ಕ್ಯುನ್ನೆ. "ದೈವ ನುಡಿಯೋ ಗಂಡಸಿಗೆ ಒಂದೊಂದು ಭಾಷೇಲಿ ಒಂದೊಂದು ಹೆಸರು. ಹೆಂಗಸಿಗೆ ಮಾತ್ರ ಎಲ್ಲ ಕಡೆ ಒಂದೇ. ಅದಿರ್ಲಿ, ಈ ಮನೇಲಿ ಉದಗಾನ್ ಯಾರಿದ್ರು?"

"ನಮ್ಮಮ್ಮ."

"ಅವರಾದ ಮೇಲೆ?"

ಫ್ಯೋಕ್ಲಾ ಒಲೆಯ ಕಡೆ ದುರುಗುಟ್ಟಿ ನೋಡಿದಳು. ಬೆಂಕಿಗೆ ಹೇಳುವ ಮಾತನ್ನು ಅಮ್ಮ ಹೆತ್ತ ಮಗಳನ್ನು ಬಿಟ್ಟು ಸೊಸೆಯ ಕಿವಿಯಲ್ಲಿ ಉಸುರಿ ಸತ್ತಿದ್ದಳು. ಅದೂ ಆಗಿನ್ನೂ ಸಖಾ ನೆಟ್ಟಗೆ ಬಾರದ ಸೊಸೆ! ಮೂವತ್ತು ವರ್ಷವಾದರೂ ಆ ಹೊಟ್ಟೆಕಿಚ್ಚು ಆರಿರಲಿಲ್ಲ. ಮಗು ರಚ್ಚೆ ಹಿಡಿದರೂ, ಹಸು ಹಾಲು ಬಿಡದಿದ್ದರೂ ಊರವರು ಹುಡುಕಿಕೊಂಡು ಬರುತ್ತಿದ್ದುದು ಅಕ್ಸೀನ್ಯಾಳನ್ನು.

"ಅತ್ತೆ ಹೋದ್ಮೇಲೆ..." ಎಂದು ಅಕ್ಸೀನ್ಯಾ ಬಾಯಿ ತೆರೆದಳು.

"ನೀನು ಸುಮ್ನಿರೇ! ಬಂದ್ಲು ದೊಡ್ಡ ಒಡತಿ! ಇದು ನಮ್ಮಮ್ಮನ ಒಲೆ!" ಫ್ಯೋಕ್ಲಾ ಎದ್ದವಳೇ ಅವಳನ್ನು ಪಕ್ಕಕ್ಕೆ ತಳ್ಳಿ, ಕೈಗೆ ಸಿಕ್ಕಿದ್ದರಿಂದ ಕೆಂಡ ಕೆದಕಿದಳು. ಸಿಕ್ಕಿದ್ದು ಮೀನು ಕುಯ್ಯುವ ಚಾಕು.

ಬೆಂಕಿಗೆ ಅಲಗು ತಾಗಿಸಿದರೆ ಅದರೊಳಗೆ ನೆಲೆಸಿರುವ ದೈವ, ಒಲೆಯಜ್ಜನ ಕಣ್ಣಿಗೇ ಚುಚ್ಚಿದಂತೆ. ಅಂಬೆಗಾಲಿನ ಕೂಸಿಗೂ ಅಲ್ಲಿ ಅದು ಗೊತ್ತು. ಅಷ್ಟು ಓದಿದ ಕ್ಯುನ್ನೆಯೂ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಫ್ಯೋಕ್ಲಾ ಚಾಕುವನ್ನು ಸರ್ರನೆ ಹಿಂದಕ್ಕೆಳೆದಳು.

ಅಕ್ಸೀನ್ಯಾ ಮೆಲ್ಲಗೆ ಅವಳ ಕೈಯಿಂದ ಚಾಕು ಬಿಡಿಸಿಕೊಂಡಳು. ದೋಸೆಗೆ ಬೆಣ್ಣೆ ಸವರಿ ಬೆಂಕಿಗೆ ಹಾಕಿ, ಕುಕ್ಕರಗಾಲಲ್ಲಿ ಕೂತು ಗುನುಗಿದಳು: "ಬಿಳಿಗಡ್ಡದಜ್ಜಾ, ನನ್ನ ಮೊಲದಮರಿ ದುಡುಕಿನ ಹುಡುಗಿ. ತಪ್ಪನ್ನ ಹೊಟ್ಟೆಗೆ ಹಾಕ್ಕೋ, ಅವಳನ್ನ ಬೆಚ್ಚಗಿಡು."

ಮೊಲದಮರಿ. ಫ್ಯೋಕ್ಲಾಳನ್ನು ಹಾಗೆ ಕರೆಯುತ್ತಿದ್ದವಳು ಭೂಮಿಯ ಮೇಲೆ ಒಬ್ಬಳೇ, ಅವಳಮ್ಮ.

"ಇದನ್ನ... ಯಾರು ಹೇಳ್ಕೊಟ್ರು ನಿಂಗೆ?"

"ಅತ್ತೆನೇ. ದಿನಾ ಮೊದಲು ಇದನ್ನೇ ಹೇಳು ಅಂದಿದ್ರು. ನನ್ನ ಮಗಳಿಗೆ ತನಗೋಸ್ಕರ ಬೇಡ್ಕೊಳ್ಳೋಕೆ ಬರಲ್ಲ, ನೀನೇ ಬೇಡ್ಕೊ ಅಂದ್ರು."

"ಮೂವತ್ತು ವರ್ಷ? ದಿನಾ?"

"ಒಂದಿನಾನೂ ತಪ್ಸಿಲ್ಲ, ಅಕ್ಕಾ."

ಫ್ಯೋಕ್ಲಾ ಒಲೆಯ ಮುಂದೆ ನೆಲದ ಮೇಲೇ ಕೂತುಬಿಟ್ಟಳು.

"ಹಾಗಾದ್ರೆ ಉದಗಾನ್ ಅನ್ನೋದು ಯಾರ ಮಾತು ಅಂತ ಬರೀಲಿ?" ಕ್ಯುನ್ನೆ ತಗ್ಗಿದ ದನಿಯಲ್ಲಿ ಕೇಳಿದಳು.

"ಆ ರೆಕಾರ್ಡರ್ ಆರ್ಸಮ್ಮ ಮೊದ್ಲು" ಎಂದಳು ಫ್ಯೋಕ್ಲಾ. ಆಮೇಲೆ ತಮ್ಮನ ಹೆಂಡತಿಯ ಮುಖ ನೋಡದೆ, "ಇನ್ನೊಂದ್ಸಲ ಹೇಳೇ" ಎಂದಳು.

ಅಕ್ಸೀನ್ಯಾ ಇನ್ನೊಂದು ದೋಸೆಗೆ ಬೆಣ್ಣೆ ಸವರಿದಳು.